ಹಲ್ಲಿನ ಜಿಮ್ಮಾ

ನಮ್ಮ ಶಾಲೆಯ ಮಕ್ಕಳ ಒಂದೇ ಒಂದು ಹಲ್ಲೂ ಇನ್ನು ಮೈದಾನದಲ್ಲಿ ಬೀಳಕೂಡದೆಂದು ೧೯೮೪ರಲ್ಲಿ ನಾನು ಘೋಷಿಸಿದೆ. ಘೋಷಣೆಗೆ ಕಾರಣವಿತ್ತು. ಹಿಂದಿನ ವರ್ಷ ಖೋಖೋ ಆಡುವಾಗ ತಿರಕಪ್ಪನೆಂಬ ಹುಡುಗ ಕಂಬಕ್ಕೆ ಮುಖ ಹೊಡೆದುಕೊಂಡು, ಮುಂದಿನ ಎರಡು ಹಲ್ಲುಗಳನ್ನು ಕುಂದಗೋಳದ ಮಣ್ಣಿಗೆ ಅರ್ಪಿಸಿ ಬಂದಿದ್ದ. ಈ ವರ್ಷ ನಮ್ಮ ಖೋಖೋ ತಂಡದ ಭರವಸೆಯೆಲ್ಲ ಲಕ್ಷ್ಮಣಪ್ಪನ ಓಟದ ಮೇಲಿತ್ತು. ಅವನ ತಾಯಿ ದುರಗವ್ವ ಶಾಲೆಯ ಬಾಗಿಲಿಗೇ ಬಂದು ನಿಂತಳು.

"ನನ್ನ ಮಗನ ಹಲ್ಲಿಗೆ ಯಾರ ಜಿಮ್ಮಾರಿ, ಮಾಸ್ತರ?"

"ನನ್ನ ಜಿಮ್ಮಾ," ಎಂದು ಎದೆಯುಬ್ಬಿಸಿ ಹೊಣೆ ಹೊತ್ತೆ.

ಮುಷ್ಟಿಯುದ್ಧದವರು ಹಲ್ಲಿಗೆ ರಬ್ಬರಿನ ಕವಚ ಹಾಕಿಕೊಳ್ಳುವ ಚಿತ್ರವನ್ನು ನಾನು ವಾರಪತ್ರಿಕೆಯೊಂದರಲ್ಲಿ ನೋಡಿದ್ದೆ. ಪೇಟೆಯಲ್ಲಿ ವಿಚಾರಿಸಿದರೆ ಅಂಗಡಿಯವನು ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ ತೋರಿಸಿದ! ನನಗೆ ಬೇಕಾದದ್ದು ಮೆತ್ತಗಿನ, ಶುಚಿಯಾದ ರಬ್ಬರು. ಅದು ನಮ್ಮ ಮನೆಯ ಟ್ರಂಕಿನ ಮೇಲೆಯೇ ಕಾಗದ ಸುತ್ತಿಕೊಂಡು ಕುಳಿತಿತ್ತು: ನನ್ನ ಹೆಂಡತಿ ಲಕ್ಷ್ಮವ್ವ ಮಿಶ್ರಿಕೋಟಿಯ ತವರಿಗೆ ಹೋಗುವಾಗ ಮೆಟ್ಟಲೆಂದು ಎತ್ತಿಟ್ಟಿದ್ದ ಹೊಸ ಹವಾಯಿ ಚಪ್ಪಲಿ.

ನಾನು ಶಾಸ್ತ್ರೋಕ್ತವಾಗಿ ವಿಚಾರ ಮಾಡಿದೆ. ಕಾಲು ಕಾಣದ, ನೆಲ ಮುಟ್ಟದ ಚಪ್ಪಲಿ ಚಪ್ಪಲಿಯೇ ಅಲ್ಲ. ಅದು ಬರೀ ರಬ್ಬರು. ಹೀಗೆ ಮನಸ್ಸಾಕ್ಷಿಯನ್ನು ಪಾಸು ಮಾಡಿಸಿ, ಬ್ಲೇಡಿನಿಂದ ಕತ್ತರಿಸಿ, ಅರಿಸಿನದ ನೀರಿನಲ್ಲಿ ಕುದಿಸಿ, ಇಡೀ ತಂಡದ ಬಾಯಿಗಳಿಗೆ ಅಳತೆ ಮಾಡಿದೆ. ಮಕ್ಕಳು ಕೇಳಿದಾಗ ಹುಬ್ಬಳ್ಳಿಯಿಂದ ತರಿಸಿದ ಮಾಲೆಂದೆ. ಬಾಯಲ್ಲಿ ಇದನ್ನಿಟ್ಟುಕೊಂಡು ಖೋ ಎನ್ನುವುದು ಹೇಗೆಂದು ಮುಖ್ಯೋಪಾಧ್ಯಾಯರು ಸಂಶಯಪಟ್ಟರು. 'ಖ' ಕಂಠ್ಯಾಕ್ಷರ, ಅದಕ್ಕೆ ಹಲ್ಲಿನ ಹಂಗಿಲ್ಲವೆಂದು ವ್ಯಾಕರಣದಿಂದಲೇ ಅವರ ಬಾಯಿ ಮುಚ್ಚಿಸಿದೆ!

ಪಂದ್ಯದ ದಿನ ಲಕ್ಷ್ಮಣಪ್ಪ ಗಾಳಿಯಂತೆ ಓಡಿ, ಕಂಬ ತಿರುಗುವಾಗ ಜಾರಿ, ಬಾಯಿಯನ್ನೇ ಕಂಬಕ್ಕೆ ಅಪ್ಪಳಿಸಿದ. ದುರಗವ್ವ ಓಡಿಬಂದು, ಮಗನ ಬಾಯಿಂದ ಕವಚ ತೆಗೆದು, ಹಲ್ಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದಳು. ತುಟಿ ಬದನೆಕಾಯಿಯಂತೆ ಊದಿತ್ತು, ಹಲ್ಲು ಒಂದೂ ಅಲುಗಲಿಲ್ಲ. ಆಕೆ ನನಗೆ ಕೈಮುಗಿದಳು. ನಾನು ಸನ್ಮಾನ ಸ್ವೀಕರಿಸುವವರ ಗತ್ತಿನಲ್ಲಿ ನಿಂತೆ.

"ಇದರಾಗ ಈ ತೂತು ಯಾಕ್ರಿ, ಮಾಸ್ತರ?"

"ಅದು ಉಸರಾಡಾಕ, ದುರಗವ್ವ."

"ಅದು ಚಪ್ಪಲಿ ಪಟ್ಟಿ ಸಿಗಸಾಕ," ಎಂದಿತು ನನ್ನ ಬೆನ್ನ ಹಿಂದಿನ ಧ್ವನಿ.

ತಿರುಗಿದರೆ ಲಕ್ಷ್ಮವ್ವ! ಅವಳನ್ನು ತವರಿಗೆ ಕರೆದೊಯ್ಯಲು ಬಂದ ಅವಳ ತಮ್ಮನೂ ಚೀಲ ಹಿಡಿದು ಬಾಜುವಿನಲ್ಲಿ ನಿಂತಿದ್ದ. ಅವಳು ಬರಿಗಾಲಿನಲ್ಲಿದ್ದಳು. ನಾನು ಟ್ರಂಕಿನ ಹಿಂದೆ ಬಚ್ಚಿಟ್ಟಿದ್ದ ನೀಲಿ ಪಟ್ಟಿಗಳು ಅವಳ ಕೈಯಲ್ಲಿದ್ದವು.

ಇಡೀ ತಂಡ ಥೂ ಎಂದು ಉಗುಳಿ ನೀರಿನ ಟಾಕಿಯ ಕಡೆಗೆ ಓಡಿತು. ಮಕ್ಕಳ ಬಾಯಿಗೆ ಚಪ್ಪಲಿ ತುರುಕಿದ ಮಹಾನುಭಾವನನ್ನು ನೋಡಲು ಜನ ಸುತ್ತ ನೆರೆದರು. ನಾನು ದುರಗವ್ವನ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಆಕೆ ಕವಚವನ್ನು ತೊಳೆದು, ಸೆರಗಿನಿಂದ ಒರೆಸಿ, ಮಗನ ಬಾಯಿಗೇ ಮತ್ತೆ ಇಟ್ಟಳು.

"ಕಚ್ಚಿ ಹಿಡಿ ಲೇ. ಚಪ್ಪಲಿ ಅಂಗಡ್ಯಾಗ ಸಿಗತಾವ, ಹಲ್ಲ ಎಲ್ಲಿಂದ ತರಲಿ?"

ಅದನ್ನು ಕಂಡು ಉಳಿದ ಹುಡುಗರೂ ತಮ್ಮ ತಮ್ಮ ತುಂಡುಗಳನ್ನು ಆರಿಸಿ ತೊಳೆದುಕೊಂಡರು. ಹೋದ ಮರ್ಯಾದೆ ಮರಳಿತೆಂದು ನಾನು ಲಕ್ಷ್ಮವ್ವನಿಗೂ ನನ್ನ ನೆಲ ಮುಟ್ಟದ ಚಪ್ಪಲಿಯ ಸಿದ್ಧಾಂತವನ್ನು ವಿವರಿಸತೊಡಗಿದೆ. ಅವಳು ಪೂರ್ತಿ ಕೇಳಲಿಲ್ಲ.

"ದುರಗವ್ವ, ಒಂದ ತುಂಡ ಉಳದೈತೇನ ನೋಡವಾ," ಎಂದಳು. "ನಮ್ಮನಿಯವರ ಬಾಯಿಗೂ ಒಂದು ಬೇಕಾಗೈತಿ. ಉಸರಾಡೂ ತೂತು ಮಾತ್ರ ಬ್ಯಾಡ."