ಹೊಟ್ಟೆಯ ಹೆಸರಿಗೆ ಬರೆದ ತಲೆನೋವು

ದೇವರು ರೋಗಗಳನ್ನು ಹಂಚುವಾಗ ಹೆಚ್ಚಿನವಕ್ಕೆ ಸಾಕ್ಷಿಯನ್ನೂ ಜೊತೆಗೆ ಕೊಟ್ಟು ಕಳಿಸಿದ್ದಾನೆ. ಜ್ವರ ಬಂದರೆ ಮೈ ಸುಡುತ್ತದೆ, ಬೇಕಾದವರು ಮುಟ್ಟಿ ನೋಡಬಹುದು. ಕಾಲು ಉಳುಕಿದರೆ ಕುಂಟುತ್ತೀರಿ. ಕೆಮ್ಮು ಓಣಿಗೆಲ್ಲ ಕೇಳಿಸುತ್ತದೆ. ಕಣ್ಣುಬೇನೆ ಬಂದರಂತೂ ಸಾಹೇಬರೇ ಕೈಮುಗಿದು ಮನೆಗೆ ಕಳಿಸುತ್ತಾರೆ. ತಲೆನೋವಿಗೆ ಮಾತ್ರ ನೋವು ತಿನ್ನುವವನ ಬಾಯಿಮಾತೇ ಆಧಾರ. ಆ ಬಾಯಿ ಒಬ್ಬ ಗುಮಾಸ್ತನದಾಗಿದ್ದರೆ ಅದನ್ನು ನಂಬುವ ಪದ್ಧತಿ ನಮ್ಮ ಕಡೆ ಇಲ್ಲ. ನಾನೂ ನಂಬುವವನಲ್ಲ. ಸ್ವಭಾವತಃ ನಾನು ಅನುಮಾನದ ಪ್ರಾಣಿ. ಹಾಲಿನವನ ಹಾಲಿನಿಂದ ಹಿಡಿದು ರೈಲಿನ ವೇಳಾಪಟ್ಟಿಯವರೆಗೆ ಯಾವುದನ್ನೂ ಎರಡು ಸಲ ನೋಡದೆ ಒಪ್ಪಿದವನಲ್ಲ. ಇಂಥವನಿಗೇ ದೇವರು ಅರೆತಲೆನೋವು ಕೊಟ್ಟ ಎಂದರೆ ಅವನಿಗೂ ನನ್ನ ಮೇಲೆ ಏನೋ ಅನುಮಾನವಿದ್ದಿರಬೇಕು.

ನಾನಿದ್ದದ್ದು ವಾಡಿಯಲ್ಲಿ. ಕೆಲಸ ಶಹಾಬಾದಿನ ಒಂದು ಫರಸಿ ಕಲ್ಲಿನ ಡಿಪೊದಲ್ಲಿ. ದಿನಾ ಬೆಳಗಿನ ಪ್ಯಾಸೆಂಜರು ಹಿಡಿದು ಹೋಗಿ ಬರುತ್ತಿದ್ದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಹೊಸದು. ನಮ್ಮ ಡಿಪೊದ ರಬ್ಬರ್ ಸ್ಟಾಂಪು ಮಾತ್ರ ಇನ್ನೂ ಮೈಸೂರು ರಾಜ್ಯದಲ್ಲೇ ಇತ್ತು. ನನ್ನ ಕೆಲಸ ಫರಸಿ ಪಾಸು ಮಾಡುವುದು. ಗಣಿಯಿಂದ ಬಂದ ಹಾಸುಗಲ್ಲನ್ನು ಸಾಲಾಗಿ ಒರಗಿಸಿಡುತ್ತಾರೆ. ಕೈಯಲ್ಲೊಂದು ಚಿಕ್ಕ ಸುತ್ತಿಗೆ ಹಿಡಿದು ಒಂದೊಂದಕ್ಕೂ ಬಡಿಯುತ್ತಾ ಹೋಗಬೇಕು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಬದ್ ಎನ್ನುತ್ತದೆ. ಟಣ್ ಅಂದದ್ದಕ್ಕೆ ಸುಣ್ಣದ ಗುರುತು, ಬದ್ ಅಂದದ್ದು ಆಚೆ. ಬೇಸಿಗೆಯ ಬಿಸಿಲು, ಆ ಬಿಸಿಲನ್ನು ಮುಖಕ್ಕೆ ತಿರುಗಿಸಿ ಕೊಡುವ ಕಲ್ಲು, ಬೆಳಗಿನಿಂದ ಸಂಜೆಯವರೆಗೆ ಟಣ್ ಟಣ್. ಅರೆತಲೆನೋವಿನ ಮನುಷ್ಯನಿಗೆ ಇದಕ್ಕಿಂತ ಕೆಟ್ಟ ನೌಕರಿಯನ್ನು ಹುಡುಕಿದರೂ ಸಿಗಲಿಕ್ಕಿಲ್ಲ. ನನಗೆ ಹುಡುಕದೆಯೇ ಸಿಕ್ಕಿತ್ತು.

ನೋವು ಬರುವ ಮೊದಲು ಎಡಗಣ್ಣಿನ ಮೂಲೆಯಲ್ಲಿ ಸೀರೆಯ ಜರಿಯಂತೆ ಏನೋ ಮಿನುಗುತ್ತದೆ. ಅದು ಕಂಡಿತೆಂದರೆ ಆ ದಿನ ಮುಗಿದಂತೆ. ಅರ್ಧ ತಲೆ ನನ್ನದು, ಇನ್ನರ್ಧ ಯಾರೋ ಗಾಣಕ್ಕೆ ಹಾಕಿಕೊಂಡದ್ದು. ಬೆಳಕು ಬೇಡ, ಮಾತು ಬೇಡ, ಒಗ್ಗರಣೆಯ ವಾಸನೆ ಬಂದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಅಂಥ ದಿನ ಡಿಪೊದಲ್ಲೇ ಸಿಕ್ಕಿಬಿದ್ದರೆ, ಸದ್ದಿಗೆ ಹೆದರಿ ಸುತ್ತಿಗೆಯನ್ನು ಕಲ್ಲಿಗೆ ತಾಗಿಸಿದೆನೋ ಇಲ್ಲವೋ ಎನ್ನುವಷ್ಟು ಮೆತ್ತಗೆ ಬಡಿಯುತ್ತಿದ್ದೆ. ಹಾಗೆ ಬಡಿದರೆ ಎಲ್ಲ ಕಲ್ಲೂ ಪಾಸು. ಒಮ್ಮೆ ಹೀಗೆ ಪಾಸಾದ ಫರಸಿ ಸೇಡಂನ ಒಬ್ಬರ ಪಡಸಾಲೆಗೆ ಹೋಗಿ, ಹಾಸಿದ ವಾರದಲ್ಲೇ ಬೀಸುಕಲ್ಲಿನ ಭಾರಕ್ಕೆ ಎರಡು ಹೋಳಾಯಿತು. ಅವರು ಎರಡೂ ಹೋಳನ್ನು ಬಂಡಿಯಲ್ಲಿ ತಂದು ನನ್ನ ಮುಂದೆ ಇಳಿಸಿದರು. ಆ ದಿನ ನನ್ನ ತಲೆ ಚೆನ್ನಾಗಿತ್ತು, ಆದ್ದರಿಂದ ಬೈಗುಳ ಪೂರ್ತಿ ಕೇಳಿಸಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೇ ಒಂದು ಸಲ ರಜೆ ಅರ್ಜಿಯಲ್ಲಿ ತಲೆನೋವು ಎಂದು ಬರೆದಿದ್ದೆ. ಆಗಿನ ಮ್ಯಾನೇಜರು ಅದನ್ನು ಎರಡು ಸಲ ಓದಿ, "ತಲಿ ಯಾರಿಗಿ ನೋಯಂಗಿಲ್ಲರಿ? ನನಗ ನಿಮ್ಮನ್ನ ನೋಡಿದ್ರ ನೋಯ್ತದ. ಹೋಗಿ ಒಂದು ಕಪ್ ಚಾ ಕುಡೀರಿ, ಬಂದು ಕಲ್ಲ ಬಡೀರಿ" ಅಂದರು. ಮುಂದಿನ ಸಲ ನಾನು ಹೊಟ್ಟೆ ಕೆಟ್ಟಿದೆ ಎಂದು ಬರೆದೆ. ಸಾಹೇಬರು ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು ಸಹಿ ಮಾಡಿ, ಹತ್ತಿರ ಬರಬೇಡಿ ಎಂಬಂತೆ ಕೈ ಬೀಸಿ ಕಳಿಸಿಕೊಟ್ಟರು. ತಲೆಯನ್ನು ಎಲ್ಲರೂ ಪರೀಕ್ಷೆ ಮಾಡುತ್ತಾರೆ, ಹೊಟ್ಟೆಯನ್ನು ಯಾರೂ ಮಾಡುವುದಿಲ್ಲ ಎಂಬ ಜ್ಞಾನೋದಯ ನನಗಾದದ್ದು ಆ ದಿನ.

ಅಲ್ಲಿಂದ ಮುಂದೆ ನನ್ನ ತಲೆಯ ಪಾಪವನ್ನೆಲ್ಲ ಹೊಟ್ಟೆ ಹೊತ್ತಿತು. ಡಿಪೊದಲ್ಲಿ ನನ್ನಷ್ಟು ಕೆಟ್ಟ ಹೊಟ್ಟೆ ಜಿಲ್ಲೆಯಲ್ಲೇ ಇಲ್ಲ ಎಂದಾಯಿತು. ಕಂಡವರೆಲ್ಲ ಔಷಧಿ ಹೇಳುವವರೇ. ಒಬ್ಬರು ಓಮದ ಕಾಳು ತಂದುಕೊಟ್ಟರು, ಇನ್ನೊಬ್ಬರು ದಾಳಿಂಬೆಯ ಸಿಪ್ಪೆ. ಮಧ್ಯಾಹ್ನ ಎಲ್ಲರೂ ಕೂತು ಬುತ್ತಿ ಬಿಚ್ಚಿದಾಗ ಖಾರದ ಶೇಂಗಾ ಹಿಂಡಿ ನನ್ನ ತನಕ ಬಂದು, ನನ್ನನ್ನು ಹಾರಿ ಮುಂದಿನವನಿಗೆ ಹೋಗುತ್ತಿತ್ತು. ಮದುವೆಗಳಲ್ಲಿ ನನ್ನ ಎಲೆಗೆ ಕೇಳದೆಯೇ ಮಜ್ಜಿಗೆ ಅನ್ನ ಬೀಳುತ್ತಿತ್ತು. ಬಿಸಿ ಮಿರ್ಚಿ ಭಜಿಯನ್ನು ಕಣ್ಣಿಂದ ನೋಡುತ್ತಾ ಮಜ್ಜಿಗೆ ಅನ್ನ ಉಂಡವನ ಸಂಕಟ ಉಂಡವನಿಗೇ ಗೊತ್ತು.

ಮನೆಯಲ್ಲಾದರೂ ನಂಬುತ್ತಿದ್ದರೇ ಎಂದರೆ ಅದೂ ಇಲ್ಲ. ನನ್ನ ಹೆಂಡತಿ ಗುರುಬಾಯಿಗೆ ನನ್ನ ತಲೆನೋವಿನ ಮೇಲೆ ಹಳೆಯ ಗುಮಾನಿ. "ಚಿತ್ತಾಪುರದಿಂದ ನಮ್ಮಣ್ಣ ಬಂದಾಗ ಬರ್ತದ. ನಿಮ್ಮ ತಂಗಿ ಬಂದಾಗ ಯಾಕ ಬರಂಗಿಲ್ಲ?" ಎನ್ನುತ್ತಿದ್ದಳು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದೆ. ಅವಳ ಮಾತು ತಕ್ಕ ಮಟ್ಟಿಗೆ ನಿಜವೇ ಆಗಿತ್ತು. ಅದು ಭಾವನ ತಪ್ಪಲ್ಲ, ಅವರು ಹಚ್ಚಿಕೊಂಡು ಬರುತ್ತಿದ್ದ ಅತ್ತರಿನ ತಪ್ಪು. ಹೆಂಡತಿಯ ಅಣ್ಣನ ಅತ್ತರಿನಿಂದ ತಲೆ ನೋಯುತ್ತದೆ ಎಂದು ಹೇಳಿ ಸಂಸಾರ ಮಾಡಲು ಬರುವುದಿಲ್ಲ, ಆದ್ದರಿಂದ ಕ್ಯಾಲೆಂಡರನ್ನು ತಿರುಗಿಸಿಟ್ಟೆ.

ಹೀಗೆ ದಿನ ಸಾಗುತ್ತಿರುವಾಗ ಡಿಪೊಗೆ ಶರಣಪ್ಪ ಬಂದ. ಚಿಂಚೋಳಿ ಕಡೆಯವನು, ಮೂವತ್ತೈದರ ಆಸುಪಾಸು, ಮಿತಭಾಷಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವರ್ಷ ತುಂಬಿದ ಮೇಲೆ ನಾನು ಅವನ ಮೇಲಿನವನಾಗಿ ಒಂದು ಅಭಿಪ್ರಾಯ ಬರೆದುಕೊಡಬೇಕು. ಅದು ಚೆನ್ನಾಗಿದ್ದರೆ ನೌಕರಿ ಪಕ್ಕಾ, ಇಲ್ಲದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ವಾಪಸು. ಬಂದ ಎರಡನೆಯ ತಿಂಗಳಲ್ಲೇ ಅವನ ರಜೆ ಅರ್ಜಿ ಬಂತು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ, "ಅರ್ಧ ತಲೆ ನೋಯುತ್ತಿದೆ. ಎದ್ದು ನಿಲ್ಲಲು ಆಗುತ್ತಿಲ್ಲ" ಎಂದಿತ್ತು.

ಓದುತ್ತಲೇ ನನಗೆ ಅನುಮಾನ ಬಂತು. ಇವನಿಗೆ ತಲೆನೋವಿಲ್ಲ. ನಿಜವಾದ ತಲೆನೋವಿನ ಮನುಷ್ಯ ಯಾವನಾದರೂ ತಲೆನೋವು ಎಂದು ಬರೆಯುತ್ತಾನೆಯೇ? ಅನುಭವಸ್ಥನಾಗಿದ್ದರೆ ಹೊಟ್ಟೆ ಎಂದು ಬರೆಯುತ್ತಿದ್ದ. ನನ್ನ ಈ ತರ್ಕದಲ್ಲಿ ಅಂದು ನನಗೆ ಎಳ್ಳಷ್ಟೂ ತಪ್ಪು ಕಾಣಲಿಲ್ಲ. ಅಂದಿನಿಂದ ಅವನ ಮೇಲೆ ಒಂದು ಕಣ್ಣಿಟ್ಟೆ. ರಜೆಯ ಮಾರನೆಯ ದಿನ ಅವನು ನಗುನಗುತ್ತಾ ಕೆಲಸಕ್ಕೆ ಬರುತ್ತಿದ್ದ. ನೋವು ಇಳಿದ ಮಾರನೆಯ ದಿನ ನಾನೂ ಹಾಗೇ ಇರುತ್ತಿದ್ದೆ, ಆದರೆ ಅದು ನೆನಪಿಗೆ ಬರಲಿಲ್ಲ. ಇನ್ನೊಂದು ದಿನ, "ಇವತ್ತ ತಲಿ ಹಿಡೀಲಿಕತ್ತದರಿ" ಎಂದು ಒಂದು ಕಣ್ಣು ಮುಚ್ಚಿಕೊಂಡು ಕಲ್ಲು ಬಡಿಯುತ್ತಿದ್ದ. ಹಿಂದಿನಿಂದ ಹೋಗಿ ಅವನ ಕಿವಿಯ ಬಳಿಯ ಫರಸಿಗೆ ಸುತ್ತಿಗೆಯಿಂದ ಜೋರಾಗಿ ಒಂದು ಕೊಟ್ಟೆ. ಬೆಚ್ಚಿಬಿದ್ದರೆ ನಿಜ, ಇಲ್ಲದಿದ್ದರೆ ಸುಳ್ಳು ಎಂದು ನನ್ನ ಲೆಕ್ಕ. ಅವನು ತಿರುಗಿ ನೋಡದೆ, "ಬದ್ ಅಂತದರಿ. ಒಳಗ ಬಿರಿದದ, ತಗೀರಿ" ಅಂದ. ಅಷ್ಟು ನೋವಿನಲ್ಲೂ ಕೆಲಸ ಬಿಡದವನು ಎಂದು ಬೇರೆ ಯಾರಾದರೂ ತಿಳಿಯುತ್ತಿದ್ದರು. ನಾನು ಸುಳ್ಳುಗಾರ ಎಂದು ತಿಳಿದೆ.

ಅವನ ವರ್ಷ ತುಂಬುವ ವಾರ ಬಂತು. ಅದರಲ್ಲೊಂದು ದಿನ ಬೆಳಿಗ್ಗೆ ಎಂದಿಗಿಂತ ಮೊದಲಿನ ಗಾಡಿಗೆ ಶಹಾಬಾದಿಗೆ ಬಂದು ಇಳಿದೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಸ್ಟೇಷನ್ ಎದುರಿನ ಖಾಜಾಮಿಯಾನ ಮಿಠಾಯಿ ಅಂಗಡಿಯಲ್ಲಿ ಆಗಷ್ಟೇ ಬಾಣಲೆ ಕಾದಿತ್ತು. ಬೆಂಚಿನ ಮೇಲೆ ಶರಣಪ್ಪ ಕೂತಿದ್ದ. ಮುಂದೆ ಬಟ್ಟಲ ತುಂಬ ಹಾಲು, ಅದರಲ್ಲಿ ಬಿಸಿ ಜಿಲೇಬಿ. ಕಣ್ಣು ಮುಚ್ಚಿ ಒಂದೊಂದಾಗಿ ನುಂಗುತ್ತಿದ್ದ. ನಾನು ಕಂಬದ ಮರೆಗೆ ಸರಿದು ಪೂರ್ತಿ ನೋಡಿದೆ. ಡಿಪೊ ತೆರೆದ ಸ್ವಲ್ಪ ಹೊತ್ತಿಗೆ ಅವನ ಅರ್ಜಿ ಬಂತು. ಕಾರಣ, ತಲೆನೋವು.

ಕಳ್ಳನನ್ನು ಮಾಲಿನ ಸಮೇತ ಹಿಡಿದಷ್ಟು ಖುಷಿಯಾಯಿತು. ಆ ಬಿಸಿಯಲ್ಲೇ ಅಭಿಪ್ರಾಯ ಬರೆದೆ. ಕೆಲಸದಲ್ಲಿ ಚುರುಕು, ಆದರೆ ತಲೆನೋವಿನ ನೆಪದಲ್ಲಿ ರಜೆ ಹಾಕುವ ಚಾಳಿ ಇದೆ, ಖಾಯಂ ಮಾಡುವುದು ಸೂಕ್ತವಲ್ಲ. ಮ್ಯಾನೇಜರ ಮೇಜಿನ ಮೇಲಿಟ್ಟು ಬಂದೆ. ಅಷ್ಟಕ್ಕೇ ಬಿಡುವ ಜಾತಿ ನನ್ನದಲ್ಲ. ಮನೆಯಲ್ಲಿ ಇಸ್ಪೀಟು ಆಡುತ್ತಾ ಕೂತಿರುತ್ತಾನೆ, ಅದನ್ನೂ ಕಣ್ಣಾರೆ ಕಂಡು ಬಂದು ಇನ್ನೊಂದು ಸಾಲು ಸೇರಿಸೋಣ ಎಂದು ಊಟದ ಹೊತ್ತಿನಲ್ಲಿ ಅವನ ಮನೆ ಹುಡುಕಿಕೊಂಡು ಹೋದೆ.

ಕಲ್ಲಿನದೇ ಗೋಡೆ, ಕಲ್ಲಿನದೇ ಚಾವಣಿಯ ಒಂದು ಕೋಣೆಯ ಮನೆ. ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿತ್ತು. ಅಂಗಳದ ಬೇವಿನ ಮರಕ್ಕೆ ಒಂದು ಆಡು ಕಟ್ಟಿದ್ದರು. ಅಪರಿಚಿತನನ್ನು ಕಂಡು ಅದು ಜೋರಾಗಿ ಕೊರಳು ಕೊಡವಿತು. ಕೊರಳಲ್ಲಿ ಗಂಟೆಯಿತ್ತು, ಸದ್ದು ಮಾತ್ರ ಬರಲಿಲ್ಲ. ಬಗ್ಗಿ ನೋಡಿದೆ. ಗಂಟೆಯ ನಾಲಗೆಗೆ ಹಳೆಯ ಸೀರೆಯ ಚಿಂದಿ ಬಿಗಿಯಾಗಿ ಸುತ್ತಿತ್ತು.

ನಾನು ಅಲ್ಲೇ ನಿಂತುಬಿಟ್ಟೆ. ಸಾಹೇಬರಿಗೆ ಸುಳ್ಳು ಹೇಳುವವನು ಅರ್ಜಿಯಲ್ಲಿ ಹೇಳುತ್ತಾನೆ. ಯಾರೂ ನೋಡದ ಅಂಗಳದಲ್ಲಿ ಆಡಿನ ಗಂಟೆಗೆ ಬಟ್ಟೆ ಸುತ್ತಿಸುವುದಿಲ್ಲ. ಆ ಒಂದು ಗಂಟೆಯ ಸದ್ದು ಎಲ್ಲಿ ಹೋಗಿ ನಾಟುತ್ತದೆ ಎಂಬುದು ಇಡೀ ಶಹಾಬಾದಿನಲ್ಲಿ ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕಿತ್ತು? ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಶರಣಪ್ಪನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಹೊರಗೆ ಬಂದಳು. ಒಳಗೆ ಕತ್ತಲಲ್ಲಿ ಅವನು ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದ. ಪಕ್ಕದಲ್ಲಿ ವಾಂತಿಗೆಂದು ಬೂದಿ ಹಾಕಿಟ್ಟ ಬುಟ್ಟಿ. "ಬೆಳಿಗ್ಗಿ ಜಿಲೇಬಿ ತಿನ್ನೂದು ನೋಡಿದೆ" ಎಂದೆ, ಬೇರೇನೂ ತೋಚದೆ.

"ಖಾಜಾಮಿಯಾ ಅವ್ರು ಹೇಳ್ಯಾರ್ರಿ" ಅಂದಳು ಪಿಸುಮಾತಿನಲ್ಲಿ. "ಅರ್ಧತಲಿ ನೋವಿಗಿ ಹೊತ್ತು ಹುಟ್ಟೂದ್ರಾಗ ಬಿಸಿ ಜಿಲೇಬಿ ಹಾಲಾಗ ಅದ್ದಿ ತಿನ್ಬೇಕಂತ. ತಿಂದಾರ, ಎಲ್ಲಾ ಕಾರ್ಕೊಂಡಾರ. ಹೊಟ್ಟಿ ಅಂತ ಬರೀರಿ, ನೌಕರಿ ಪಕ್ಕಾ ಆಗೂ ಹೊತ್ತದ ಅಂದೆರಿ. ಕೇಳ್ಲಿಲ್ಲ. ಇವತ್ತ ಸುಳ್ಳ ಬರದ್ರ ನಾಳಿ ಖರೇ ಹೇಳ್ದಾಗ ಯಾರ್ ನಂಬ್ತಾರ ಅಂದ್ರು. ನೌಕರಿ ಆಗ್ತದಲ್ರಿ ಸಾಹೇಬ್ರ?"

ಜಿಲೇಬಿಯ ಮದ್ದು ನನಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ತಲೆಯನ್ನು ಮುಚ್ಚಿಟ್ಟು ಹೊಟ್ಟೆ ತೋರಿಸಿದವನಿಗೆ ಜನ ಜಿಲೇಬಿ ಹೇಳುವುದಿಲ್ಲ, ದಾಳಿಂಬೆ ಸಿಪ್ಪೆ ಹೇಳುತ್ತಾರೆ.

ಬಿಸಿಲಲ್ಲಿ ಓಡುತ್ತಾ ಡಿಪೊಗೆ ಬಂದೆ. ಈಗಿನ ಮ್ಯಾನೇಜರು ನನ್ನ ಕಾಗದ ಎದುರಿಗಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಅದು ತಪ್ಪು, ಅವನ ನೋವು ನಿಜ, ನನಗೂ ಅದೇ ರೋಗ ಇರುವುದರಿಂದ ಗೊತ್ತು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಎದ್ದು ನನ್ನ ರಜೆಯ ಪುಸ್ತಕ ತಂದರು.

"ಹೊಟ್ಟಿ. ಹೊಟ್ಟಿ. ಜ್ವರ. ಹೊಟ್ಟಿ. ಹೊಟ್ಟಿ" ಎಂದು ಬೆರಳಿಟ್ಟು ಓದಿದರು. "ಇದರಾಗ ತಲಿ ಎಲ್ಲದರಿ?"

"ಅವೆಲ್ಲಾ ತಲಿನೇರಿ."

"ಅಂದ್ರ ಇಷ್ಟೂ ವರ್ಷ ಸುಳ್ಳ ಬರದೀರಿ?"

"ಹೌದರಿ."

"ಹಂಗಾದ್ರ ಇವತ್ತಿಂದು ಖರೇ ಅಂತ ನಾ ಹ್ಯಾಂಗ ನಂಬ್ಲಿ?"

ಕೊನೆಗೆ ಆಡಿನ ಗಂಟೆಯ ಮಾತು ಹೇಳಿದೆ. ಅವರು ರಜೆಯ ಪುಸ್ತಕ ಮುಚ್ಚಿದರು. "ಆಡಿನ ಮಾತು ನಂಬ್ತೀನಿ" ಅಂದರು. "ನಿಮ್ಮ ಮಾತಲ್ಲ." ನನ್ನ ಕಾಗದ ಹರಿದು, ಬರೆಯಲು ಇನ್ನೊಂದು ಬಿಳಿ ಹಾಳೆ ಕೊಟ್ಟರು. ಶರಣಪ್ಪನ ನೌಕರಿ ಖಾಯಂ ಆಯಿತು. ಇನ್ನು ಮುಂದೆ ನಾನು ಯಾವ ಅಂಗದ ಹೆಸರಿನಲ್ಲಿ ರಜೆ ಹಾಕಿದರೂ ಡಾಕ್ಟರ ಚೀಟಿ ತರಬೇಕೆಂದು ಅಪ್ಪಣೆಯೂ ಆಯಿತು.

ಆರು ತಿಂಗಳ ಮೇಲೆ ಒಂದು ದಿನ ಭಾವ ಚಿತ್ತಾಪುರದಿಂದ ಬಂದರು, ಅತ್ತರೂ ಬಂತು. ಜರಿ ಮಿನುಗಿತು. ಈ ಸಲ ಧೈರ್ಯ ಮಾಡಿ ಅರ್ಜಿಯಲ್ಲಿ ತಲೆನೋವು ಎಂದೇ ಬರೆದು, ಡಾಕ್ಟರ ಚೀಟಿ ಆಮೇಲೆ ತರುತ್ತೇನೆಂದು ಸೇರಿಸಿ ಕಳಿಸಿದೆ. ಇಷ್ಟು ವರ್ಷದ ಮೇಲೆ ನಿಜ ಬರೆದದ್ದಕ್ಕೆ ಮನಸ್ಸಿಗೆ ಹಗುರವೆನಿಸಿತು, ತಲೆಗೆ ಏನೂ ಅನಿಸಲಿಲ್ಲ. ಸಂಜೆ ಶರಣಪ್ಪ ಶಹಾಬಾದಿನಿಂದ ನನ್ನನ್ನು ನೋಡಲೆಂದೇ ವಾಡಿಗೆ ಬಂದ. ಪಡಸಾಲೆಯಲ್ಲಿ ಭಾವನ ದೊಡ್ಡ ನಗು, ಒಳಗೆ ಗುರುಬಾಯಿ ಹಾಕಿದ ಒಗ್ಗರಣೆಯ ಸದ್ದು. ಅವನು ನನ್ನ ಮಂಚದ ಬಳಿ ಕೂತು, ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ.

"ನನ್ನ ಸಲುವಾಗಿ ಮ್ಯಾನೇಜರ ಮುಂದ ನನಗೂ ತಲಿನೋವದ ಅಂತ ಸುಳ್ಳ ಹೇಳಿದ್ರಿ ಅಂತ ಗೊತ್ತದರಿ. ಸಾಯೂತನಕ ಆ ಉಪಕಾರ ಮರಿಯಂಗಿಲ್ಲ. ಅಂದ ಮಾತು ಉಳಸ್ಕೊಳ್ಳಾಕ ಈಗ ತಲಿ ಅಂತ ಬರೀಲಿಕತ್ತೀರಿ. ಸಾಕ್ರಿ, ಇನ್ನ ಖರೇ ಹೊಟ್ಟಿ ಅಂತನೇ ಬರೀರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡು, ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟ. ಒಣಗಿಸಿದ ದಾಳಿಂಬೆ ಸಿಪ್ಪೆ.

ನಾನು ತೆಗೆದುಕೊಂಡು ತಲೆದಿಂಬಿನ ಕೆಳಗಿಟ್ಟೆ. ಏನು ಮಾಡಲಿ, ನನ್ನ ಪರವಾಗಿ ಸಾಕ್ಷಿ ಹೇಳಲು ನಮ್ಮ ಮನೆಯಲ್ಲಿ ಒಂದು ಆಡೂ ಇರಲಿಲ್ಲ.