ತೆಂಗಿನಕಾಯಿ 'ಅವಳು', ನಮ್ಮತ್ತೆ 'ಅದು'

ಇಡೀ ನೊಣವಿನಕೆರೆಯಲ್ಲಿ ತೆಂಗಿನಮರಕ್ಕೆ ಜರ್ಮನ್ ಭಾಷೆಯಲ್ಲಿ ಬೈಯಬಲ್ಲವರು ಒಬ್ಬರೇ ಒಬ್ಬರಿದ್ದರು, ನಮ್ಮ ಸೋದರಮಾವ. ಮರಗಳು ಇದುವರೆಗೆ ತಿರುಗಿ ಮಾತಾಡಿಲ್ಲ. ಹಾಗಾಗಿ ಉಚ್ಚಾರಣೆ ಸರಿಯಾಗಿಯೇ ಇದೆಯೆಂದು ನಾವೆಲ್ಲ ನಂಬಿದ್ದೆವು!

ಈ ಹುಚ್ಚು ಹತ್ತಿಸಿದ್ದು ಅರಳಗುಪ್ಪೆಯ ಗುಡಿ ನೋಡಲು ಬಂದಿದ್ದ ಜರ್ಮನ್ ಗಂಡಹೆಂಡಿರು. ಮಾವನ ತೋಟಕ್ಕೂ ಬಂದು, ಎಳನೀರು ಕುಡಿದು, ಉದ್ದಕ್ಕೆ ಏನೋ ಹೇಳಿ, ಕೈಮುಗಿದು ಹೋದರು. ಮಾವ ಎಲ್ಲದಕ್ಕೂ "ಯಸ್ ಯಸ್" ಅಂದಿದ್ದರು. ಆಮೇಲೆ ಶುರುವಾಯಿತು ಚಿಂತೆ. "ಹೊಗಳಿದ್ರೋ, ಉಗಿದ್ರೋ? ಉಗಿದಿದ್ರೆ ನಾನು ಅದ್ಕೂ ಯಸ್ ಅಂದಂಗಾಯ್ತಲ್ಲ ಕಣ್ಲಾ!"

ಆಗಿನ್ನೂ ತಿಪಟೂರಿಗೆ ಸೈಬರ್ ಸೆಂಟರ್ ಬಂದ ಹೊಸತು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಜರ್ಮನ್ ಪಾಠ ಸಿಗುತ್ತದೆಂದು ಬಾಯಿತಪ್ಪಿ ಹೇಳಿದವನು ನಾನೇ. ವಾರಕ್ಕೆ ಮೂರು ದಿನ ಮಾವ ಬಸ್ಸು ಹತ್ತಿದರು. ಹೆಡ್‌ಫೋನಿನೊಳಗಿನ ಹೆಂಗಸು "ಗುಟನ್ ಮೊರ್ಗನ್" ಅಂದರೆ ಇವರು ಅಷ್ಟಕ್ಕೇ ಬಿಡುವವರೇ? "ಗುಟನ್ ಮೊರ್ಗನ್ ಕಣಮ್ಮಾ, ತಿಂಡಿ ಆಯ್ತಾ?" ಅಂತ ಸೂರು ಹಾರುವಂತೆ ಕೂಗುತ್ತಿದ್ದರು.

ಜರ್ಮನ್ನಿನಲ್ಲಿ 'ದಯವಿಟ್ಟು' ಅನ್ನಲು 'ಬಿಟ್ಟೆ' ಅನ್ನಬೇಕಂತೆ. ಒಂದು ದಿನ ಬಸ್ಸಿನಲ್ಲಿ, "ಒಂದು ತಿಪ್ಟೂರು, ಬಿಟ್ಟೆ" ಅಂದರು.

"ಏನ್ ಬಿಟ್ರಿ ಯಜಮಾನ್ರೇ, ಚೀಲಾನಾ?" ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದ. ಬಸ್ಸಿನವರೆಲ್ಲ ಸೀಟಿನಡಿ ಬಗ್ಗಿ ಹುಡುಕಿದರು!

ಎಳನೀರಿನ ಬಗ್ಗೆ ಆ ಜರ್ಮನ್ನರು ಏನಂದಿದ್ದರೋ, ಆ ಪಾಠ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ವ್ಯಾಕರಣದ ಪಾಠ ಬಂತು. ಅಲ್ಲಿ ವಸ್ತುಗಳಲ್ಲೂ ಗಂಡು ಹೆಣ್ಣು ಇವೆ. ಮಾವ ಮನೆಗೆ ಬಂದವರೇ ಅತ್ತೆಗೆ, "ತೆಂಗಿನಕಾಯಿ ಹೆಣ್ಣಂತೆ ಕಣೇ! ಇನ್ಮೇಲೆ 'ಅವಳು' ಅನ್ಬೇಕು!" ಅಂದರು.

ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಸಲುಗೆಯಿಂದ 'ಅದು' ಅನ್ನುವುದು ರೂಢಿ. ಮಾವನೂ ಮದುವೆಯಾದ ದಿನದಿಂದ "ಅದು ಬಂತಾ, ಅದು ಉಣ್ತಾ" ಅಂತಲೇ. ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಭಲೇ! ಕಾಯಿಗೆ 'ಅವಳು', ಕಟ್ಕೊಂಡೋಳ್ಗೆ 'ಅದು'! ಚೆನ್ನಾಗೈತೆ ಕಣ್ರೀ ನಿಮ್ ಓದು!"

ಮಾವ ಸೀದಾ ತೋಟಕ್ಕೆ ಹೋಗಿ ತೆಂಗಿನಮರಕ್ಕೆ ಜರ್ಮನ್ನಿನಲ್ಲಿ ಬೈದರು.

ಮುಂದಿನ ತಿಂಗಳು ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ತಿಪಟೂರಿನಲ್ಲೇ ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದೋ ಅಲ್ಲವೋ ಅನ್ನುವ ರಿಪೋರ್ಟಿಗೆ ಹತ್ತು ದಿನ ಕಾಯಬೇಕಿತ್ತು. ಆ ಹತ್ತು ದಿನ ಮಾವ ಸೈಬರ್ ಸೆಂಟರಿನ ಮುಂದೆ ಹಾದುಹೋದರೂ ತಲೆಯೆತ್ತಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ನನ್ನನ್ನು ಮೆಲ್ಲಗೆ ಕೇಳುತ್ತಿದ್ದರು: "ಅವರು ಗಂಜಿ ಕುಡುದ್ರಾ? ಅವರಿಗೆ ನಿದ್ದೆ ಬಂತಾ?"

ಅತ್ತೆ ನನ್ನ ಕೈ ಹಿಡಿದು ಅತ್ತುಬಿಟ್ಟರು. "ನಿಜ ಹೇಳಪ್ಪಾ, ನಾನು ಉಳ್ಯಾಕಿಲ್ವಾ? ನಿಮ್ಮಾವ ನನ್ನ 'ಅವರು' ಅಂತಾವ್ರೆ!"

ರಿಪೋರ್ಟು ಬಂದ ದಿನ ಮಾವ ಮೆಟ್ಟಿಲುಗಳನ್ನು ಓಡಿ ಹತ್ತಿದರು. ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತಾ, ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನನಗೆ ಕೂಗಿ ಹೇಳಿದರು: "ಅದ್ಕೇನೂ ಆಗಿಲ್ವಂತೆ ಕಣ್ಲಾ! ಅದು ಮನೆಗ್ ಬತ್ತದೆ!"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ಈಗ ನಂಬ್ಕೆ ಬಂತು ಕಣಪ್ಪಾ" ಅಂದರು.