ರಾಕಾನ ಎಡಗೈ

ಬೆಳಗ್ಗೆ ಆರೂವರೆಗೆ ರಾತ್ಮಿಯ ಕಾಫಿ ಅಂಗಡಿಯಲ್ಲಿ ಸಮಿಜಾನ್ ಬಲಗೈಯನ್ನು ಲುಂಗಿಯ ಮಡಿಕೆಯೊಳಗೆ ತುರುಕಿಕೊಂಡು, ಎಡಗೈ ಚಾಚಿ ಕಾಫಿ ಕೇಳಿದ. ಇಡೀ ರಂಪಾಟ ಶುರುವಾದದ್ದು ಅಲ್ಲಿಂದಲೇ.

ಲೋಟ ಹಿಡಿದ ರಾತ್ಮಿ ಹಾಗೇ ನಿಂತುಬಿಟ್ಟಳು. "ಏನಣ್ಣಾ, ಬಲಗೈಗೆ ಏಟುಗೀಟು ಬಿತ್ತಾ?"

"ಏಟೂ ಇಲ್ಲ, ಗೀಟೂ ಇಲ್ಲ. ಮುಷ್ಕರ ಹೂಡಿದೆ."

"ಯಾರು?"

"ನನ್ನ ಬಲಗೈ. ರಾಕಾನ ಎಡಗೈ ವಾಪಸ್ ಬರೋವರೆಗೆ ಇದು ಹೊರಗೆ ಬರಲ್ಲ. ಕೊಡು ಕಾಫಿ."

ರಾಕಾ ಮೆಂಡುಂಗ್ ಯಾರೆಂದು ನಮ್ಮ ಊರಲ್ಲಿ ಯಾರಾದರೂ ಕೇಳಿದರೆ ಜನ ಅವನ ಮುಖ ನೋಡಿ ನಗುತ್ತಾರೆ. 'ಮೋಡಗಿರಿಯ ಖಡ್ಗ' ಎಂಬ ನಲವತ್ತೆರಡು ಪುಸ್ತಿಕೆಗಳ ಕಾದಂಬರಿಯ ನಾಯಕ ಅವನು. ಗಿಡುಗನ ಬೆನ್ನೇರಿ ಹಾರುತ್ತಾನೆ, ಮಂಜಿನಿಂದ ಕತ್ತಿ ಹಿರಿಯುತ್ತಾನೆ, ಏಳು ತಲೆಯ ರಕ್ಕಸಿಯನ್ನು ಮಾತಲ್ಲೇ ಸೋಲಿಸುತ್ತಾನೆ. ಸಮಿಜಾನನ ಬಾಡಿಗೆ ಪುಸ್ತಕದಂಗಡಿಯಲ್ಲಿ ಆ ಪುಸ್ತಿಕೆಗಳು ಮೂವತ್ತು ವರ್ಷ ಮನೆಮನೆ ತಿರುಗಿ ಅರಿಶಿನ, ಎಣ್ಣೆ, ಕಣ್ಣೀರು ಎಲ್ಲ ಮೆತ್ತಿಕೊಂಡು ದಪ್ಪಗಾಗಿದ್ದವು. ರಾಕಾ ಎಡಚ. ಏಳನೇ ಪುಸ್ತಿಕೆಯಲ್ಲಿ ಅವನು ರಾಜನ ಪ್ರಾಣ ಉಳಿಸಿ, ಅದೇ ಕೈ ಎತ್ತಿ ಸಲಾಮು ಮಾಡುತ್ತಾನೆ. ರಾಜ ಮುಖ ಸಿಂಡರಿಸಿ, "ಆ ಕೈಯಲ್ಲಾ?" ಎನ್ನುತ್ತಾನೆ. ಆಗ ರಾಕಾ, "ನಿನ್ನ ಪ್ರಾಣ ಉಳಿಸಿದ ಕೈ ಇದೇ ದೊರೆ. ಬೇಡವಾದರೆ ಪ್ರಾಣ ವಾಪಸ್ ಕೊಡು" ಎನ್ನುತ್ತಾನೆ.

ಸಮಿಜಾನನೂ ಹುಟ್ಟಾ ಎಡಚ. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಅವನ ಎಡಗೈಯನ್ನು ಬೆಂಚಿನ ಕಾಲಿಗೆ ಕಟ್ಟಿಹಾಕಿದ್ದರು. ನಿಶ್ಚಿತಾರ್ಥದ ದಿನ ಮರೆತು ಎಡಗೈಯಲ್ಲಿ ತಟ್ಟೆ ಇಸಿದುಕೊಂಡದ್ದಕ್ಕೆ ಮಾವ ಮದುವೆಯನ್ನೇ ಮುರಿಯಲು ಹೊರಟಿದ್ದ. ಐವತ್ತೆಂಟು ವರ್ಷದಲ್ಲಿ ಅವನ ಎಡಗೈಯ ಪರ ಒಂದು ಮಾತಾಡಿದವನು ರಾಕಾ ಒಬ್ಬನೇ. ಹನ್ನೊಂದನೇ ವಯಸ್ಸಿನಲ್ಲಿ ಮಾವಿನ ಮರ ಹತ್ತಿ ಆ ಸಾಲು ಓದಿ ಸಮಿಜಾನ್ ಬಿಕ್ಕಿ ಬಿಕ್ಕಿ ಅತ್ತಿದ್ದ.

ಈಗ ಅದು ಸಿನಿಮಾ ಆಗಿತ್ತು. ನಮ್ಮ ಬೆಟ್ಟದಲ್ಲೇ ಚಿತ್ರೀಕರಣ ನಡೆದಿದ್ದರಿಂದ, ದೇಶಕ್ಕೆಲ್ಲ ಬಿಡುಗಡೆಯಾಗುವ ಮೊದಲು ನಮ್ಮ ಫುಟ್‌ಬಾಲ್ ಮೈದಾನದಲ್ಲಿ ಬಟ್ಟೆಯ ಪರದೆ ಕಟ್ಟಿ ಎರಡು ಸಂಜೆ ತೋರಿಸುತ್ತೇವೆ ಎಂದರು. ಮೊದಲ ಸಂಜೆ ಪರದೆಯ ಈ ಕಡೆ ಕುರ್ಚಿ ಹಾಕಿ ಸಾಹೇಬರುಗಳೂ ಕರೆಯೋಲೆ ಬಂದವರೂ ಕೂತರು. ನಮ್ಮ ಗಲ್ಲಿಯವರು ಆ ಕಡೆ ಹುಲ್ಲಿನ ಮೇಲೆ ಚಾಪೆ ಹಾಸಿದರು. ನಮ್ಮ ಅಜ್ಜಂದಿರು ತೊಗಲುಗೊಂಬೆಯ ನೆರಳಾಟ ನೋಡಿದ್ದೂ ಆ ಕಡೆಯಿಂದಲೇ, ಗಾಳಿಯೂ ಚೆನ್ನಾಗಿ ಬೀಸುತ್ತದೆ. ಗಿಡುಗ ಚೆನ್ನಾಗಿತ್ತು, ರಕ್ಕಸಿ ಇನ್ನೂ ಚೆನ್ನಾಗಿದ್ದಳು. ಆದರೆ ರಾಕಾ ಕತ್ತಿ ಹಿರಿದದ್ದು ಬಲಗೈಯಲ್ಲಿ! ರಾಜನಿಗೆ ಸಲಾಮು ಹೊಡೆದದ್ದೂ ಬಲಗೈಯಲ್ಲಿ! ಬಲಗೈ ಎತ್ತಿದರೆ ಯಾವ ರಾಜ ಯಾಕೆ ಮುಖ ಸಿಂಡರಿಸಬೇಕು? ಸಮಿಜಾನನಿಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

"ಕೈ ಯಾವುದಾದ್ರೇನು ಮಾರಾಯ, ರಕ್ಕಸಿ ಸತ್ಲಲ್ಲ?" ಎಂದ ಪಕ್ಕದಲ್ಲಿ ಕರಿದ ಬಾಳೆಹಣ್ಣು ತಿನ್ನುತ್ತಿದ್ದ ಗಿಮುನ್. ತೋಫು ಮಾರುವವನು, ಕರೆಯದಿದ್ದರೂ ಎಲ್ಲರ ವಿಷಯಕ್ಕೂ ಮೂಗು ತೂರಿಸುವವನು.

"ನಿನ್ನ ಹೆಂಡ್ತಿ ಬದಲು ಅವಳ ತಂಗಿ ಮನೇಲಿದ್ರೆ, ಅಡುಗೆ ಆಯ್ತಲ್ಲ ಅಂತ ಸುಮ್ನಿರ್ತೀಯಾ?"

ಗಿಮುನ್ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಯೋಚನೆ ಮಾಡಿದ್ದಕ್ಕೇ ರಾತ್ಮಿ ಅವನನ್ನು ಬಾಯಿಗೆ ಬಂದಂತೆ ಬೈದಳು.

ಎಂಟು ಗಂಟೆಗೆ ಸಮಿಜಾನ್ ಅಂಗಡಿಯ ಬಾಗಿಲಿಗೆ ಹಲಗೆ ತೂಗುಹಾಕಿದ: "ರಾಕಾನ ಕೈ ಬದಲಿಸಿ! ಅಲ್ಲಿಯವರೆಗೆ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಎಡಗೈಯಲ್ಲೇ. ಒಪ್ಪದವರಿಗೆ ನಲವತ್ತೆರಡನೇ ಪುಸ್ತಿಕೆ ಸಿಗುವುದಿಲ್ಲ." ನಲವತ್ತೊಂದರವರೆಗೆ ಓದಿ ಕಾದು ಕೂತಿದ್ದ ಹದಿನೇಳು ಜನ ಒಂದೇ ಉಸಿರಿಗೆ ಸೇರಿಕೊಂಡರು. ಉಳಿದವರು ಸುಮ್ಮನೆ ಗದ್ದಲವೆಂದರೆ ಇಷ್ಟವಾಗಿ ಸೇರಿದರು.

ಹೆಂಡತಿ ಲಾಸ್ಮಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇಪ್ಪತ್ತೆಂಟು ವರ್ಷದಿಂದ ಆ ಕೈ ಜೊತೆ ಏಗ್ತಿದ್ದೀನಿ. ಈಗ ಊರಿಗೆಲ್ಲ ಹಂಚ್ತಿದ್ದೀರಾ?"

"ಇದು ಮಾನದ ಪ್ರಶ್ನೆ ಕಣೇ."

"ಮಾನ ಇರೋರು ಲುಂಗಿ ಹಿಡ್ಕೊಳ್ಳೋಕಾದ್ರೂ ಎರಡು ಕೈ ಬಳಸ್ತಾರೆ. ಜಾರ್ತಿದೆ ನೋಡಿ."

ಮಧ್ಯಾಹ್ನದೊಳಗೆ ಗಲ್ಲಿ ತಲೆಕೆಳಗಾಯಿತು. ಗಿಮುನ್ ಎಡಗೈಯಲ್ಲಿ ತೋಫು ಕೊಟ್ಟನೆಂದು ಒಬ್ಬ ಮುದುಕಿ ಅದನ್ನು ಅವನ ಮುಖಕ್ಕೇ ಎಸೆದಳು. ಹೊಸ ಸೊಸೆಯೊಬ್ಬಳು ಅತ್ತೆಗೆ ಎಡಗೈಯಲ್ಲಿ ನೀರು ಕೊಟ್ಟಳು. ಅದರಲ್ಲಿ ಕಾದಂಬರಿಯ ಪಾಲೆಷ್ಟು, ಹಳೆಯ ಸಿಟ್ಟಿನ ಪಾಲೆಷ್ಟು ಎಂದು ಇಂದಿಗೂ ಯಾರಿಗೂ ತಿಳಿಯದು. ಕ್ರೊಮೊ ಅಜ್ಜನ ಮನೆಯಲ್ಲಿ ಮೊಮ್ಮಗಳ ಹೆಸರಿಡುವ ಊಟವಿತ್ತು. ಪ್ರಾರ್ಥನೆ ಮುಗಿದು ಅನ್ನದ ಬುಟ್ಟಿ ಹಂಚುವಾಗ ಸಾಲಾಗಿ ಕೂತಿದ್ದ ಇಪ್ಪತ್ತು ಗಂಡಸರು ಒಟ್ಟಿಗೆ ಎಡಗೈ ಚಾಚಿದರು.

ಅಜ್ಜ ಬುಟ್ಟಿಯನ್ನು ಎದೆಗವಚಿಕೊಂಡ. "ಹಾಳಾದೋರೇ! ಏನ್ ಬಂದಿದೆ ನಿಮಗೆಲ್ಲ?"

"ಕೋಪ ಬೇಡ ಅಜ್ಜಾ," ಎಂದ ಸಮಿಜಾನ್, "ಉಣ್ಣೋದು ಬಲಗೈಲೇ. ದೇವರ ಜೊತೆ ನಮ್ಮ ಜಗಳ ಇಲ್ಲ. ಸಿನಿಮಾದೋರ ಜೊತೆ ಮಾತ್ರ."

"ಹಾಗಾದ್ರೆ ಊಟಾನೂ ಸಿನಿಮಾದೋರ ಹತ್ರಾನೇ ಇಸ್ಕೊಳ್ರೋ!" ಎಂದು ಅಜ್ಜ ಇಪ್ಪತ್ತು ಜನರನ್ನೂ ಹಸಿದ ಹೊಟ್ಟೆಯಲ್ಲೇ ಹೊರಗಟ್ಟಿದ.

ಹಸಿದ ಹೊಟ್ಟೆಯ ಗುಂಪು ಎಲ್ಲಿಗೆ ಹೋಗಬೇಕು? ನಿರ್ದೇಶಕ ಇಳಿದುಕೊಂಡಿದ್ದ ಲುರಾ ಸಾಹೇಬರ ಮನೆಗೇ ಹೋಯಿತು. ಲುರಾ ಅಂದರೆ ವಾರ್ಡಿನ ಮುಖ್ಯಸ್ಥರು; ನಮ್ಮ ಈ ಲುರಾ ಹಾರ್ದೊನೊ ಗೇಟಿನಲ್ಲೇ ಅಡ್ಡ ನಿಂತರು. ಸಮಿಜಾನ್ ಅವರ ಕೈಕುಲುಕಲು ಎಡಗೈ ನೀಡಿದ. ಸಾಹೇಬರು ಆ ಕೈಯನ್ನು ಸತ್ತ ಹಲ್ಲಿ ನೋಡಿದಂತೆ ನೋಡಿದರು.

"ಸಮಿಜಾನ್, ಇವತ್ತು ಸಂಜೆ ಜಿಲ್ಲೆಯ ದೊರೆಗಳು ಬರ್ತಾರೆ. ಮರ್ಯಾದೆ ಕಳೀಬೇಡ."

"ನಿನ್ನೆ ನೀವೂ ಸಿನಿಮಾ ನೋಡಿದ್ರಲ್ಲ ಸ್ವಾಮಿ. ಕೈ ನೋಡಿ ನಿಮಗೇನೂ ಅನ್ನಿಸ್ಲಿಲ್ವಾ?"

"ನಾನು ಅತಿಥಿಗಳ ತಿಂಡಿ ನೋಡ್ತಿದ್ದೆ ಕಣಯ್ಯಾ! ಯಾವನ ಕೈಲಿ ಏನಿತ್ತು ಅಂತ ನಂಗೇನು ಗೊತ್ತು?"

ಅಷ್ಟರಲ್ಲಿ ನಿರ್ದೇಶಕ ಗಿಲಾಂಗ್ ಒಳಗಿಂದ ಬಂದ. ಜಕಾರ್ತಾದ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ, ಊರಿನವರನ್ನು ಕಂಡರೆ ತುಂಬಾ ವಿನಯ. "ಓದುಗರಾ? ಬನ್ನಿ ಬನ್ನಿ" ಎಂದು ಎರಡೂ ಕೈ ಜೋಡಿಸಿದ.

ಸಮಿಜಾನ್ ದಾರಿಯುದ್ದಕ್ಕೂ ಒಂದು ಭಾಷಣ ಬಾಯಿಪಾಠ ಮಾಡಿಕೊಂಡಿದ್ದ. ಏಳನೇ ಪುಸ್ತಿಕೆ, ಬೆಂಚಿನ ಕಾಲು, ಮಾವ, ಎಲ್ಲ ಅದರಲ್ಲಿತ್ತು. ಆದರೆ ನಿರ್ದೇಶಕನ ಎದುರು ನಿಂತಾಗ ಅಷ್ಟೂ ಮರೆತುಹೋಯಿತು. ಅಂಗಡಿ ಬಾಗಿಲಿನಿಂದ ಬಿಚ್ಚಿ ತಂದಿದ್ದ ಹಲಗೆ ಮಾತ್ರ ಎತ್ತಿ ಹಿಡಿದ. "ರಾಕಾನ ಕೈ ಬದಲಿಸಿ" ಎಂದು ಹಿಂದಿನವರೆಲ್ಲ ಕೂಗಿದರು. ಆಮೇಲೆ ಒಬ್ಬೊಬ್ಬರಾಗಿ ಮುಂದೆ ಬಂದು ಗಿಲಾಂಗನ ಮುಖದೆದುರಿಗೆ ಎಡಗೈ ಒಡ್ಡಿದರು. ಸಮಿಜಾನ್ ಅಲ್ಲೇ ಮೇಜಿನ ಮೇಲಿದ್ದ ಚಹಾದ ಲೋಟವನ್ನು ಎಡಗೈಯಲ್ಲಿ ಎತ್ತಿ, ಅವನ ಕಣ್ಣಿಗೆ ಕಣ್ಣಿಟ್ಟು, "ತಗೊಳ್ಳಿ" ಎಂದ. ಅದೊಂದೇ ಮಾತು.

ಗಿಲಾಂಗನ ಮುಖ ಬಿಳಿಚಿಕೊಂಡಿತು. ಲೋಟ ಇಸಿದುಕೊಳ್ಳುವಾಗ ಚಹಾ ಅಂಗಿಯ ಮೇಲೆ ಚೆಲ್ಲಿತು. ಕಣ್ಣಲ್ಲಿ ನೀರು.

"ಸಾಕು ಸಾರ್," ಎಂದ. "ಅರ್ಥವಾಯ್ತು. ಇಷ್ಟು ನೋವಾಗಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಇವತ್ತು ಸಂಜೆಯೊಳಗೆ ಕೈ ಬದಲಾಗಿರುತ್ತೆ. ಮಾತು ಕೊಟ್ಟೆ."

ಲುರಾ ಸಾಹೇಬರ ಅಂಗಳದಲ್ಲಿ ಎದ್ದ ಕೂಗಿಗೆ ಪಕ್ಕದ ಮನೆಯ ಕೋಳಿಗಳು ಮಾಡು ಹತ್ತಿದವು. ಸಮಿಜಾನನನ್ನು ಹೆಗಲ ಮೇಲೆ ಹೊತ್ತು ಗಲ್ಲಿಗೆ ತಂದರು. ಹೊತ್ತವರಲ್ಲಿ ಗಿಮುನನೂ ಇದ್ದ. "ಬೆಳಗ್ಗೆಯಿಂದ ನಾನೇ ಹೇಳ್ತಿರ್ಲಿಲ್ವಾ, ಕೈ ಮುಖ್ಯ ಅಂತ!" ಎಂದು ಅವನದೇ ಗಲಾಟೆ ಹೆಚ್ಚು. ಬಲಗೈಗಳು ಲುಂಗಿಯಿಂದ ಹೊರಬಂದವು. ಕ್ರೊಮೊ ಅಜ್ಜ ಗೊಣಗಿಕೊಂಡೇ ಅನ್ನದ ಬುಟ್ಟಿಗಳನ್ನು ಕಳಿಸಿಕೊಟ್ಟ.

ಸಾಯಂಕಾಲ ಲುರಾ ಸಾಹೇಬರೇ ಮನೆ ಬಾಗಿಲಿಗೆ ಬಂದರು. "ಜಿಲ್ಲೆಯ ದೊರೆಗಳ ಪಕ್ಕದ ಕುರ್ಚಿ ನಿಂದು. ನಿರ್ದೇಶಕರ ಅಪ್ಪಣೆ. ಒಳ್ಳೆ ಬಟ್ಟೆ ಹಾಕ್ಕೊಂಡು ಬಾರಯ್ಯಾ."

ಲಾಸ್ಮಿ ಮದುವೆಯ ಬಾಟಿಕ್ ಅಂಗಿಗೆ ಇಸ್ತ್ರಿ ಹಾಕಿ, ಗುಂಡಿ ಹಾಕುತ್ತಾ, "ನಾನು ಎಲ್ಲರ ಜೊತೆ ಚಾಪೇಲೇ ಕೂರ್ತೀನಿ. ನಿಮ್ಮಪ್ಪ ಇವತ್ತು ಇರ್ಬೇಕಿತ್ತು ಕಣ್ರೀ" ಎಂದಳು. ಅವಳು ಹಾಗೆ ಮೆತ್ತಗೆ ಮಾತಾಡಿದ್ದು ಸಮಿಜಾನನಿಗೆ ನೆನಪಿದ್ದಂತೆ ಇದು ಎರಡನೇ ಸಲ.

ಹೀಗೆ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಸಮಿಜಾನ್ ಪರದೆಯ ಈ ಕಡೆ, ಮೆತ್ತೆಯ ಕುರ್ಚಿಯಲ್ಲಿ ಕೂತ. ದೀಪ ಆರಿತು. ಪರದೆಯ ಮೇಲೆ ಮೊದಲು ಬಂದದ್ದೇ ಅವನ ಹೆಸರು: "ಓದುಗರ ಮಾತಿಗೆ ದನಿಯಾದ ಶ್ರೀ ಸಮಿಜಾನ್ ಅವರಿಗೆ ಅರ್ಪಣೆ." ದೊರೆಗಳು ಚಪ್ಪಾಳೆ ತಟ್ಟಿದರು. ಸಮಿಜಾನನಿಗೆ ಕಣ್ಣು ಮಂಜಾಯಿತು, ಒರೆಸಿಕೊಂಡ. ಮೋಡ ಸರಿಯಿತು, ಗಿಡುಗ ಇಳಿಯಿತು. ರಾಕಾ ಮಂಜಿಗೆ ಕೈಹಾಕಿ ಕತ್ತಿ ಹಿರಿದ.

ಬಲಗೈಯಲ್ಲಿ.

"ಮೋಸ!" ಎಂದು ಸಮಿಜಾನ್ ಎದ್ದು ನಿಂತ. "ಮಾತು ಕೊಟ್ಟು ಮೋಸ ಮಾಡ್ಬಿಟ್ರಲ್ರೀ!"

ಗಿಲಾಂಗ್ ಗಾಬರಿಯಿಂದ ಅವನ ತೋಳು ಹಿಡಿದು ಕೂರಿಸಿದ. "ಯಾಕೆ ಸಾರ್? ನೀವು ಹೇಳಿದ್ದನ್ನೇ ಮಾಡಿದೀನಲ್ಲ. ಮಧ್ಯಾಹ್ನದಿಂದ ಕಂಪ್ಯೂಟರ್ ಮುಂದೆ ಕೂತು ಇಡೀ ಚಿತ್ರಾನ ಕನ್ನಡೀಲಿ ಕಂಡ ಹಾಗೆ ತಿರುಗಿಸಿದ್ವಿ. ನಿನ್ನೆ ಎಡಗೈ ಇತ್ತು, ಇವತ್ತು ಬಲಗೈ."

"ನಿನ್ನೆ ಎಲ್ರೀ ಎಡಗೈ ಇತ್ತು? ಕಣ್ಣಾರೆ ನೋಡಿದೀನಿ, ಬಲಗೈ!"

"ಇಲ್ಲ ಸಾರ್. ಎಡಗೈ ಇರ್ಲೇಬೇಕು ಅಂತ ಆರು ತಿಂಗಳು ನಿರ್ಮಾಪಕರ ಜೊತೆ ಗುದ್ದಾಡಿದೋನು ನಾನು. ಜನಕ್ಕೆ ಅಸಹ್ಯ ಆಗುತ್ತೆ ಅಂತ ಅವರು, ಓದುಗರು ಒಪ್ತಾರೆ ಅಂತ ನಾನು. ಇವತ್ತು ನೀವು ಎಡಗೈಲಿ ಚಹಾ ಕೊಟ್ಟು, ನೋಡು, ಹೀಗಿರುತ್ತೆ ಅವಮಾನ ಅಂತ ತೋರಿಸಿದ್ರಲ್ಲ, ಆಗ ಸೋತೆ." ಆಮೇಲೆ ಏನೋ ಹೊಳೆದು ಕೇಳಿದ. "ಸಾರ್, ನಿನ್ನೆ ನೀವು ಕೂತಿದ್ದು ಎಲ್ಲಿ?"

ಸಮಿಜಾನ್ ಪರದೆಯ ಆ ಕಡೆಗೆ ಬೆರಳು ತೋರಿಸಿದ.

"ಪರದೆ ಹಿಂದೆನಾ?" ಗಿಲಾಂಗ್ ತಲೆಯ ಮೇಲೆ ಕೈಹೊತ್ತುಕೊಂಡ. "ಹಿಂದಿಂದ ನೋಡಿದ್ರೆ ಎಲ್ಲ ಅದಲುಬದಲಾಗಿ ಕಾಣುತ್ತೆ ಸಾರ್! ಅಕ್ಷರ ತಿರುವುಮುರುವಾಗಿ ಕಾಣ್ಲಿಲ್ವಾ?"

"ನಾವು ನಮಾಜು ಮುಗಿಸ್ಕೊಂಡು ಬರೋಷ್ಟರಲ್ಲಿ ಹೆಸರುಗಳೆಲ್ಲ ಮುಗಿದಿದ್ವು," ಎಂದ ಸಮಿಜಾನ್. ದನಿ ಬಾವಿಯೊಳಗಿಂದ ಬಂದಂತಿತ್ತು. ಆಮೇಲೆ ಗಿಲಾಂಗನ ಅಂಗಿ ಹಿಡಿದುಕೊಂಡ. "ತಿರುಗಿಸ್ರೀ! ವಾಪಸ್ ತಿರುಗಿಸಿ!"

"ಪ್ರತಿ ಆಗ್ಲೇ ಜಕಾರ್ತಾಗೆ ಹೋಯ್ತು. ನಿರ್ಮಾಪಕರು ಕುಣಿದಾಡ್ಬಿಟ್ರು. ಶುಕ್ರವಾರದಿಂದ ದೇಶದಲ್ಲೆಲ್ಲ ಇದೇ, ಇನ್ನು ನನ್ನ ಮಾತು ನಡೆಯಲ್ಲ."

"ನಾಳೆಯಿಂದ ಮತ್ತೆ ಮುಷ್ಕರ!"

"ಯಾರ ವಿರುದ್ಧ ಸಾರ್?" ಎಂದು ಗಿಲಾಂಗ್ ಮೆಲ್ಲಗೆ ಕೇಳಿದ. "ಓದುಗರೇ ಕೇಳಿದ್ರು ಅಂತ ನಿಮ್ಮ ಹೆಸರು ಹಾಕಿದ್ದಾರಲ್ಲ."

ಸಮಿಜಾನ್ ಕುರ್ಚಿಯ ಅಂಚಿಗೆ ಸರಿದ. ಎದ್ದು ಆ ಕಡೆಗೆ ಓಡಿಬಿಡೋಣವೆಂದರೆ ದೊರೆಗಳು ಅವನ ಹೆಗಲ ಮೇಲೆ ಕೈಯಿಟ್ಟು, "ಕೂತ್ಕೊಳ್ಳಿ, ಇದು ನಿಮ್ಮದೇ ಚಿತ್ರ" ಎಂದರು.

ಪರದೆಯ ಮೇಲೆ ರಾಜ ಮುಖ ಸಿಂಡರಿಸಿದ. "ನಿನ್ನ ಪ್ರಾಣ ಉಳಿಸಿದ ಕೈ ಇದೇ ದೊರೆ," ಎಂದು ರಾಕಾ ತನ್ನ ಬಲಗೈಯನ್ನು ಎತ್ತಿ ಹಿಡಿದ. ಆ ಕಡೆಯಿಂದ ಮುನ್ನೂರು ಜನ ಒಟ್ಟಿಗೆ ಎದ್ದು ಕೂಗಿದ ಹೊಡೆತಕ್ಕೆ ಬಟ್ಟೆಯೇ ಅಲ್ಲಾಡಿತು. "ಎಡಗೈ! ಎಡಗೈ! ಸಮಿಜಾನಣ್ಣನಿಗೆ ಜೈ!" ಎಲ್ಲರಿಗಿಂತ ಎತ್ತರದಲ್ಲಿ ಲಾಸ್ಮಿಯ ದನಿ ಕೇಳಿಸಿತು.

"ಏನ್ರೀ! ನೋಡಿದ್ರಾ? ಎಡಗೈ!"

"ಹೆಂಡ್ತಿ ಕೇಳ್ತಿದ್ದಾರೆ, ಹೇಳಯ್ಯಾ," ಎಂದು ಲುರಾ ಸಾಹೇಬರು ತಿವಿದರು.

"ನೋಡ್ದೆ ಕಣೇ!" ಎಂದು ಸಮಿಜಾನ್ ಗಂಟಲು ಹರಿಯುವಂತೆ ಕೂಗಿದ.